ಅರವತ್ತು ಜನರ ಸಾಂಬಾರು, ಮುನ್ನೂರು ಜನರ ಅಂಡಾ

ಕೊಯಮತ್ತೂರಿನಲ್ಲಿ ನಾನು ಕೆಲಸ ಮಾಡಿದ ಪಾತ್ರೆ ಅಂಗಡಿಗೆ ಹೊಸದಾಗಿ ಯಾರೇ ಸೇರಲಿ, ಮೊದಲ ವಾರವೇ ಅವರಿಗೊಂದು ಕಥೆ ಹೇಳುತ್ತಾರಂತೆ. ಕಥೆಯಲ್ಲಿ ನಾನೂ ಇದ್ದೇನೆ. ಪಲ್ಲಡಂ ಕ್ಯಾಂಟೀನಿನ ಸರೋಜಕ್ಕನ ಸಾಂಬಾರು ಸೀದು, ಸಿಕ್ಕ ಕೆಲಸ ಕೈತಪ್ಪುವ ಹೊತ್ತಿಗೆ ಸರಿಯಾಗಿ ನಾನು ಹೋಗಿ, ಪಾತ್ರೆಯೊಳಗೆ ಪಾತ್ರೆ ಇಡುವ ಉಪಾಯ ಹೇಳಿ ಎಲ್ಲವನ್ನೂ ಉಳಿಸಿದೆನಂತೆ. ಕೇಳಲು ಸೊಗಸಾಗಿದೆ. ಆದರೆ ಇದನ್ನು ಹೇಳುವವರು ಯಾರು? ನಮ್ಮ ಯಜಮಾನರು. ಅವರು ಅವತ್ತು ಅಲ್ಲಿದ್ದರೇ? ಇರಲಿಲ್ಲ. ಒಲೆಯ ಮುಂದೆ ನಿಂತು ಜಗಳವಾಡಿದವರು ಮೂವರು: ನಾನು, ಸರೋಜಕ್ಕ, ಅವರ ಅಣ್ಣ ಮುರುಗೇಶಣ್ಣ. ಮುರುಗೇಶಣ್ಣನನ್ನು ಕೇಳಿದರೆ ಉಪಾಯ ತಮ್ಮದೆನ್ನುತ್ತಾರೆ. ನನ್ನನ್ನು ಕೇಳಿದರೆ ನಮ್ಮಿಬ್ಬರದೂ ಅಲ್ಲ ಎನ್ನುತ್ತೇನೆ. ಸರೋಜಕ್ಕನನ್ನು ಕೇಳಬೇಕೆಂದು ಮಾತ್ರ ಯಾರಿಗೂ ತೋಚಿಲ್ಲ.

ಮೂವತ್ತೂ ದಾಟದವಳು ವೃತ್ತಿ ಅನುಭವ ಬರೆಯುವುದುಂಟೇ ಎಂದು ನಗುವವರಿಗೆ ನನ್ನ ಉತ್ತರ ಚಿಕ್ಕದು. ಕೆಲಸ ಬಿಟ್ಟ ದಿನ ನನಗೆ ಶಾಲು ಹೊದಿಸಿದ್ದಾರೆ, ಕೈಗೆ ನಿಂಬೆಹಣ್ಣು ಕೊಟ್ಟಿದ್ದಾರೆ, ನಡುವೆ ಕುರ್ಚಿ ಹಾಕಿ ಕೂರಿಸಿ ಗುಂಪು ಫೋಟೊ ತೆಗೆಸಿದ್ದಾರೆ. ಇಷ್ಟಾದ ಮೇಲೆ ನಿವೃತ್ತಿಗೆ ಇನ್ನೇನು ಬೇಕು, ಮಂಡಿ ನೋವೇ? ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವವರಿಗೆ ಅದೂ ಬೇಗ ಬರುತ್ತದೆ. ಈಗ ಆ ಕೌಂಟರಿಗೆ ಸೇರಿದ ಹುಡುಗಿಯರು ‘ಅಕ್ಕಾ, ಸೈಜು ಹೇಗೆ ಹೇಳೋದು’ ಎಂದು ಫೋನ್ ಮಾಡುತ್ತಾರೆ. ಅವರಿಗಾಗಿ ಇದು.

ನಾನು ಚಾಮರಾಜನಗರದವಳು. ಮೈಸೂರಿನಲ್ಲಿ ಓದಿ, ಚರ್ಚಾ ಸ್ಪರ್ಧೆಗಳಲ್ಲಿ ಒಂದಷ್ಟು ಫಲಕ ಗೆದ್ದು, ಮದುವೆಯಾಗಿ ಕೊಯಮತ್ತೂರಿಗೆ ಬಂದೆ. ಗಂಡನಿಗೆ ಕುರಿಚಿಯ ಪಂಪು ತಯಾರಿಸುವ ಘಟಕವೊಂದರಲ್ಲಿ ಕೆಲಸ. ಹೊಸ ಸಂಸಾರಕ್ಕೆ ಅನ್ನದ ಪಾತ್ರೆ ತರಲೆಂದು ಪೊಳ್ಳಾಚಿ ರಸ್ತೆಯ ಆ ಅಂಗಡಿಗೆ ಹೋದೆ. ಮುಂಭಾಗದಲ್ಲಿ ಅಡುಗೆ ಪಾತ್ರೆಗಳು, ಹಿತ್ತಲಿನಲ್ಲಿ ಗಿಡದ ಕುಂಡಗಳು. ಗಲ್ಲಾದಲ್ಲಿ ಯಜಮಾನರು, ಅಲ್ಲಿಯ ಬಾಯಲ್ಲಿ ಮುದಲಾಳಿ, ಚಿನ್ನಸಾಮಿ ಅಂತ. ನೇಕಾರರ ಮನೆಗಳಿಗೆ ಪಾತ್ರೆ ಮಾರಿ ಮಾರಿ ಒಂದು ಬಗೆಯ ಕನ್ನಡ ಕಲಿತಿದ್ದರು. ಮಾತಿನ ಕೊನೆಗೆ ಕೊಂಗು ನಾಡಿನ ‘ಉಂಗ’ ಸೇರಿಸಿ ಎಂಥ ಮಾತಿಗೂ ಮರ್ಯಾದೆಯ ಮೆರುಗು ಕೊಡುತ್ತಿದ್ದರು.

“ಮನೇಲಿ ಎಷ್ಟು ಜನ ಅಮ್ಮಾ?”

“ಇಬ್ಬರು.”

“ನೆಂಟರು ಬರಲ್ವಾಂಗ?” ಒಂದು ಸೈಜು ಮೇಲಿನ ಪಾತ್ರೆ ಇಳಿಯಿತು. “ಮುಂದೆ ಮಗು ಆಗಲ್ವಾಂಗ?” ಇನ್ನೊಂದು ಸೈಜು. “ಮಗು ಅಂದ್ಮೇಲೆ ಅದನ್ನ ನೋಡೋಕೆ ಅತ್ತೆ ಬರಲ್ವಾಂಗ?”

ಇಬ್ಬರ ಅನ್ನಕ್ಕೆ ಹನ್ನೆರಡು ಜನರ ಪಾತ್ರೆ ನನ್ನ ಮುಂದೆ ನಿಂತಿತ್ತು. ನಾನು ಸುಮ್ಮನಿರಲಿಲ್ಲ. ಇಲ್ಲದ ಮಗುವಿಗೆ ಇವತ್ತೇ ಯಾಕೆ ಅನ್ನ ಮಾಡಬೇಕು, ಅಕ್ಕಿ ಪಾತ್ರೆಯ ತಳದಲ್ಲಿ ತೆಳ್ಳಗೆ ಹರಡಿದರೆ ನೀರು ಮೊದಲು ಆರುತ್ತದೋ ಅಕ್ಕಿ ಮೊದಲು ಬೇಯುತ್ತದೋ, ಅತ್ತೆ ಬಂದರೆ ಅವರೇ ಪಾತ್ರೆ ತರುವುದಿಲ್ಲವೇ ಎಂದು ಒಂದೊಂದಾಗಿ ಕೇಳಿದೆ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಮ್ಮ ಕೈಲಿದ್ದ ದೊಡ್ಡ ಪಾತ್ರೆಗಳನ್ನು ಮೆಲ್ಲಗೆ ಕೆಳಗಿಟ್ಟರು. ಮುದಲಾಳಿ ನನ್ನನ್ನು ಒಂದು ಗಳಿಗೆ ನೋಡಿ, “ವಕ್ಕೀಲಮ್ಮಾ, ನೀವು ಗಿರಾಕಿಯಾಗಿ ಬಂದ್ರೆ ನಂಗೆ ನಷ್ಟಂಗ. ಕೌಂಟರ್ ಈ ಕಡೆ ಬಂದು ನಿಂತ್ಕೊಳ್ಳಿ. ಇಲ್ಲಿ ಕನ್ನಡದವರೂ ತುಂಬ ಬರ್ತಾರುಂಗ,” ಎಂದರು. ತಮಾಷೆಗೆ ಅಂದದ್ದಲ್ಲ. ಮರುದಿನದಿಂದ ನಾನು ಈ ಕಡೆ.

ನನಗಾಗ ಒಂದೇ ಸಿದ್ಧಾಂತ. ಪಾತ್ರೆ ಎಂದರೆ ಲೆಕ್ಕ, ಒಳಗೆ ಹೋಗುವುದರ ಗಾತ್ರ ಗೊತ್ತಾದರೆ ಹೊರಗಿನದರ ಗಾತ್ರ ತಾನಾಗಿ ಗೊತ್ತಾಗುತ್ತದೆ. ಇದನ್ನು ಕೆಡವಿದ್ದು ಒಂದು ಪೊಂಗಲ್ ಹಬ್ಬ. ಹಬ್ಬದ ಹಿಂದಿನ ದಿನ ಹಿಂದಿನ ಬೀದಿಯ ಅಜ್ಜಿಯೊಬ್ಬರು ಬಂದು, ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಹಾಲು, ಪಾತ್ರೆ ಕೊಡು ಎಂದರು. ನಾನು ಮನಸ್ಸಿನಲ್ಲೇ ಕೂಡಿ, ಹಾಲು ಎಷ್ಟೇ ನೊರೆಗಟ್ಟಿದರೂ ಅಂಚು ದಾಟದಂತಹ ಪಾತ್ರೆಯನ್ನು ಹೆಮ್ಮೆಯಿಂದ ಆರಿಸಿ ಕೊಟ್ಟೆ. ಹಬ್ಬ ಕಳೆದ ಮಾರನೇ ದಿನ ಅಜ್ಜಿ ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು, ಹಿಂದೆ ಸೊಸೆ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದರು.

“ಉಕ್ಕಲೇ ಇಲ್ಲ!”

“ಉಕ್ಕಲಿಲ್ಲ ಅಂದ್ರೆ ಒಳ್ಳೇದೇ ಅಲ್ವಾ ಅಜ್ಜಿ?”

“ಒಳ್ಳೇದಾ? ಉಕ್ಕೋದೇ ಪೊಂಗಲ್! ಉಕ್ಕಿದಾಗ ಕೂಗ್ಬೇಕು ಅಂತ ಮಕ್ಕಳೆಲ್ಲ ಬಾಯಿ ತೆರೆದು ನಿಂತವು. ನಿಂತೇ ನಿಂತವು. ಸೂರ್ಯ ನೆತ್ತಿಗೆ ಬಂದ. ಕೊನೆಗೆ ಎಂಗ ಮನೆಯವರು ಯಾರಿಗೂ ಕಾಣದ ಹಾಗೆ ಪಾತ್ರೇನ ಕಾಲಲ್ಲಿ ಒಂಚೂರು ಒದ್ದು ಚೆಲ್ಲಿದ್ರು. ವರ್ಷ ಪೂರ್ತಿ ಒದ್ದುಕೊಂಡೇ ಬದುಕ್ಬೇಕಾ ನಾವು?”

ನಮ್ಮ ಕಡೆ ಹೊಸ ಮನೆಗೆ ಹೋದಾಗ ಹಾಲುಕ್ಕಿಸುವುದನ್ನು ನಾನು ನೋಡದವಳಲ್ಲ. ಆದರೆ ಅಳತೆಯ ಹುಮ್ಮಸ್ಸಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಮುದಲಾಳಿ ಸಂಭ್ರಮದಿಂದ ಎದ್ದು ಬಂದು ಅಜ್ಜಿಗೆ ಎರಡು ಸೈಜು ಕಿರಿದಾದ ಪಾತ್ರೆ ಬದಲಿಸಿ ಕೊಟ್ಟರು. ಅವರು ತಾವಾಗಿ ಕಿರಿದನ್ನು ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಾಗಾಗಿ ಹುಡುಗಿಯರೇ, ಎಷ್ಟು ಜನ ಎಂದು ಕೇಳುವ ಮೊದಲು ಪಾತ್ರೆ ಏನು ಮಾಡಬೇಕು ಎಂದು ಕೇಳಿ. ಕೆಲವು ಪಾತ್ರೆಗಳು ಉಕ್ಕಲೆಂದೇ ಇರುತ್ತವೆ.

ಹಿತ್ತಲಿನ ಕುಂಡಗಳ ಕಡೆ ಮಾತ್ರ ನನ್ನ ವಾದ ಗಟ್ಟಿಯಾಗಿತ್ತು. ಅಲ್ಲಿಯೂ ಮುದಲಾಳಿಯ ಮಂತ್ರ ಒಂದೇ: “ಗಿಡ ಬೆಳೆಯಲ್ವಾಂಗ?” ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಗೇಣುದ್ದದ ತುಳಸಿ ಸಸಿಗೆ ಅವರ ಮಾತು ಕೇಳಿ, ಮಗು ಈಜಬಹುದಾದಷ್ಟು ದೊಡ್ಡ ಸಿಮೆಂಟು ಕುಂಡ ಕೊಂಡು ಹೋದರು. ಸ್ವಲ್ಪ ದಿನಕ್ಕೆ ತಿರುಗಿ ಬಂದರು.

“ಏನ್ರೀ, ನಿಮ್ ಕುಂಡ ನಮ್ ತುಳಸೀನ ನುಂಗಿ ಹಾಕ್ತಲ್ರೀ! ದಿನಾ ಚಂಬು ತುಂಬ ನೀರ್ ಹಾಕೇನಿ, ಪೂಜಿ ಮಾಡೇನಿ. ಇನ್ನೇನ್ ಮಾಡ್ಬೇಕಿತ್ರೀ?”

ಅವರ ಮನೆಗೆ ಹೋಗಿ ಮಣ್ಣು ಕೆದಕಿ ನೋಡಿದೆ. ಬೇರು ಹಿಡಿಯಷ್ಟೇ ಇತ್ತು, ಕಪ್ಪಾಗಿ ಕೊಳೆತಿತ್ತು. ಸುತ್ತ ಬುಟ್ಟಿಗಟ್ಟಲೆ ಮಣ್ಣು ಒದ್ದೆ ಕಂಬಳಿಯ ಹಾಗೆ ಕೂತಿತ್ತು. ಇರುವ ಬೇರು ಕುಡಿದು ಮುಗಿಸಲಾಗದಷ್ಟು ನೀರನ್ನು ಆ ಮಣ್ಣು ಹಿಡಿದಿಟ್ಟುಕೊಂಡಿತ್ತು. ಆಮೇಲೆ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತ ಬಂದೆ. ಬೇರಿನ ಮುದ್ದೆಯ ಸುತ್ತ ಎರಡು ಬೆರಳು ಜಾಗ ಸಾಕು. ತುಂಬಿತೆಂದರೆ ಬಂದು ಇನ್ನೊಂದು ಒಯ್ಯಿರಿ. ಇವತ್ತಿನ ಗಿಡಕ್ಕೆ ಇವತ್ತಿನ ಕುಂಡ. ಇದರಿಂದ ಒಬ್ಬ ಗಿರಾಕಿ ಮೂರು ಸಲ ಬರುತ್ತಾನೆ ಎಂಬುದು ಮುದಲಾಳಿಗೆ ಹೊಳೆದ ದಿನ ಅವರೂ ಈ ಮತಕ್ಕೆ ಸೇರಿದರು. ಸತ್ಯಕ್ಕೆ ಇಷ್ಟು ಬೇಗ ಮಣಿದವರನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ಆ ವರ್ಷಗಳಲ್ಲಿ ಎಷ್ಟೋ ಬದಲಾದವು. ಕುಂಡಕ್ಕೆ ಕೆಂಪು ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಬಂತು. ಪೊಳ್ಳಾಚಿ ಕಡೆಯಲ್ಲಿ ರಸ್ತೆಬದಿಗೆ ರಾಶಿ ಸುರಿದು ಬಿಟ್ಟಿದ್ದ ಪುಡಿಯೇ ಇಟ್ಟಿಗೆಯಾಗಿ ಕಾಗದ ಸುತ್ತಿಕೊಂಡು ಕೌಂಟರ್ ಏರಿತು. ಸಿಮೆಂಟು ಹೋಗಿ ಪ್ಲಾಸ್ಟಿಕ್ ಬಂತು. ಪಾತ್ರೆಯ ಮೇಲೆ ಹೆಸರು ಕೆತ್ತಲು ಉಳಿ ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಬಡಿಯುತ್ತಿದ್ದ ನಮ್ಮ ಅಂತೋಣಿಯಣ್ಣನ ಕೈಗೆ ಕರೆಂಟಿನ ಮಿಷನ್ ಬಂತು. ಈ ಮಿಷನ್ನಿನ ವೇಗವೇ ನನಗೆ ಮುಳುವಾಯಿತು. ಹೆಸರು ಕೆತ್ತಿದ ಪಾತ್ರೆಯನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ. ಉಳಿಯ ಕಾಲದಲ್ಲಾದರೆ ಮೊದಲ ಅಕ್ಷರ ಮುಗಿಯುವುದರೊಳಗೆ ನಾನು ಯಾರ ಮನಸ್ಸನ್ನಾದರೂ ತಿರುಗಿಸುತ್ತಿದ್ದೆ.

ಸರೋಜಕ್ಕ ಬಂದದ್ದು ಮಿಷನ್ ಬಂದ ಮೇಲೆ. ನಲವತ್ತರ ಆಸುಪಾಸಿನ ಹೆಂಗಸು. ಸಿರುಮುಗೈಯ ಕನ್ನಡ ಮಾತಾಡುವ ನೇಕಾರರ ಮನೆಯವರು. ಜೊತೆಗೆ ಅಣ್ಣ ಮುರುಗೇಶಣ್ಣ, ಪಲ್ಲಡಂನಲ್ಲಿ ಪವರ್‌ಲೂಮ್ ಇಟ್ಟವರು, ಬಿಳಿ ಅಂಗಿ, ಬಿಳಿ ಪಂಚೆ. ನಾನು ಕನ್ನಡ ಆಡಿದ್ದೇ ಸರೋಜಕ್ಕನ ಮುಖ ಅರಳಿತು.

“ಏನ್ ಕಣ್ಣು, ನೀ ಮೈಸೂರು ಕನ್ನಡವಾ? ನಮ್ದೂ ಕನ್ನಡಾನೇ. ಬಾಯಲ್ಲಿ ಮಾತ್ರ, ಅಕ್ಷರ ತೆರಿಯಾದು, ಓದೋಕೆ ಬರಲ್ಲ.” ಅಲ್ಲಿ ‘ಕಣ್ಣು’ ಎಂದರೆ ಚಿನ್ನ, ಪುಟ್ಟ ಎಂಬಂಥ ಮುದ್ದಿನ ಕರೆ.

ವಿಷಯ ಇದು. ಪಲ್ಲಡಂ ಹತ್ತಿರದ ಒಂದು ಬನಿಯನ್ ಘಟಕದ ಕ್ಯಾಂಟೀನಿನಲ್ಲಿ ಅಡುಗೆಯವನು ಬಿಟ್ಟು ಹೋಗಿದ್ದ. ಸರೋಜಕ್ಕನಿಗೆ ಅಣ್ಣನ ಮೂಲಕ ಅವಕಾಶ ಸಿಕ್ಕಿತ್ತು. ಅರವತ್ತು ಜನಕ್ಕೆ ಮಧ್ಯಾಹ್ನದ ಊಟ. ಕೆಲವು ದಿನ ನೋಡುತ್ತಾರೆ, ಹಿಡಿಸಿದರೆ ಕೆಲಸ ಇವರದು, ಇಲ್ಲವಾದರೆ ಕಾದಿರುವ ಇನ್ನೊಬ್ಬರದು.

“ಚಿಕ್ಕ ವಯಸ್ಸಿಂದ ನೂಲು ಸುತ್ತಿದ್ದೀನಿ ಕಣ್ಣು,” ಎಂದರು ಸರೋಜಕ್ಕ. “ನಾನು ಸುತ್ತಿ ಕೊಟ್ಟ ನೂಲಲ್ಲಿ ನಮ್ಮ ಮನೆಯವರು ನೇಯ್ತಾರೆ. ಸೀರೆ ಚೆನ್ನಾಗಿದ್ರೆ ಅವರಿಗೆ ಹೆಸರು, ಅಂಗಡಿಯವನಿಗೆ ಹೆಸರು. ಇದೊಂದು ನಂದು ಅಂತ ಆಗ್ಲಿ ಅಂತ ಆಸೆ. ಚೆನ್ನಾಗಿದ್ರೂ ನಂದೇ, ಕೆಟ್ರೂ ನಂದೇ.”

ಆ ಕಡೆಯ ರೂಢಿಯೊಂದನ್ನು ಹೇಳಲೇಬೇಕು. ತಂಗಿ ಹೊಸದಾಗಿ ಏನು ಶುರು ಮಾಡಿದರೂ ತವರಿನಿಂದ ಪಾತ್ರೆ ಹೋಗಬೇಕು. ಅದಕ್ಕೆ ಸೀರು ಎನ್ನುತ್ತಾರೆ. ಅದರ ಮೇಲೆ ಕೊಟ್ಟವರ ಹೆಸರಿರಬೇಕು. ನೆಂಟರು ಬಂದು ನೋಡುತ್ತಾರೆ, ಪಾತ್ರೆಯ ಸುತ್ತಳತೆಯಲ್ಲಿ ಅಣ್ಣನ ಪ್ರೀತಿಯನ್ನು ಅಳೆಯುತ್ತಾರೆ. ಮುರುಗೇಶಣ್ಣ ಒಳಗೆ ಕಾಲಿಟ್ಟವರೇ ಬೇರೇನನ್ನೂ ನೋಡದೆ ಅಂಗಡಿಯ ಅತಿ ದೊಡ್ಡ ಹಿತ್ತಾಳೆ ಅಂಡಾದ ಮೇಲೆ ಕೈಯಿಟ್ಟರು. ಮದುವೆ ಅಡುಗೆಯ ಹಂಡೆಯಂಥದ್ದು, ಮುನ್ನೂರು ಜನರ ಸಾಂಬಾರು ಹಿಡಿಯುವಂಥದ್ದು.

“ಅಣ್ಣಾ, ಅಡುಗೆ ಅರವತ್ತು ಜನಕ್ಕೆ,” ಎಂದೆ.

“ಅದಕ್ಕೆ? ನನ್ನ ತಂಗಚ್ಚಿಗೆ ಸೊಂಬು ಕೊಟ್ಟು ಕಳಿಸ್ಲಾ?”

“ಚೊಂಬು ಬೇಡ. ಈ ಎರಡು ಮಧ್ಯಮ ಸೈಜು ಕೊಡಿ.”

“ಎರಡು ಚಿಕ್ಕದು ಕೊಟ್ರೆ ಎರಡು ಸಲ ಮಾನ ಹೋಯ್ತದೆ.”

ಅಂಗಡಿಯಲ್ಲಿ ಜನ ಸೇರಿದರು. ನಾನು ಕ್ರಮವಾಗಿ ಹೇಳತೊಡಗಿದೆ. ಮೊದಲನೆಯದಾಗಿ, ಇಷ್ಟಗಲದ ತಳದಲ್ಲಿ ಅರವತ್ತು ಜನರ ಸಾಂಬಾರು ಅಂಗೈ ಆಳ ಮಾತ್ರ ನಿಲ್ಲುತ್ತದೆ, ಬೇಳೆ ತಳ ಹಿಡಿಯುತ್ತದೆ. ಎರಡನೆಯದಾಗಿ, ಸೌದೆ ಒಲೆಯ ಉರಿ ಖಾಲಿ ಪಕ್ಕಗಳನ್ನು ನೆಕ್ಕುತ್ತದೆ, ಒಳಗಿನ ಕಲಾಯಿ ಕರಗುತ್ತದೆ, ಹುಣಸೆ ಹುಳಿ ಬರೀ ಹಿತ್ತಾಳೆಗೆ ತಾಗಬಾರದು. ಜನ ತಲೆಯಾಡಿಸುತ್ತಿದ್ದರು. ಸರೋಜಕ್ಕನೂ ತಲೆಯಾಡಿಸಿದರು. ಮೂರನೆಯದಾಗಿ ಎಂದು ಬಾಯಿ ತೆರೆದೆ, ಹಿಂದಿನಿಂದ ಡ್ರ್‌ರ್‌ರ್ ಎಂದು ಸದ್ದು ಬಂತು. ಮುರುಗೇಶಣ್ಣ ಮುದಲಾಳಿಗೆ ಕಣ್ಣು ಮಿಟುಕಿಸಿದ್ದರು, ಮುದಲಾಳಿ ಅಂತೋಣಿಯಣ್ಣನಿಗೆ. ನಾನು ಓಡಿ ಹೋಗುವಷ್ಟರಲ್ಲಿ ಅಂಡಾದ ಕೊರಳಿನ ಮೇಲೆ ‘ಅಣ್ಣ ಮುರುಗೇಶನ್ ಅನ್ಬಳಿಪ್ಪು’ ಎಂದು ತಮಿಳಿನಲ್ಲಿ ಮಿಂಚುತ್ತಿತ್ತು. ಅಣ್ಣನ ಪ್ರೀತಿಯ ಕಾಣಿಕೆ.

“ಮೂರನೇದು ಏನುಂಗ?” ಎಂದರು ಮುದಲಾಳಿ, ಬಹಳ ಮರ್ಯಾದೆಯಿಂದ.

ಹೊರಡುವಾಗ ಸರೋಜಕ್ಕ ನನ್ನ ಕೈ ಹಿಡಿದು, “ನಾಳೆ ಮೊದಲನೇ ದಿನ. ನೀ ಒಂದ್ಸಲ ಬಂದು ನೋಡ್ತೀಯಾ ಕಣ್ಣು? ನಂಗೆ ಭಯವಾ ಇದೆ,” ಎಂದರು. ಮುದಲಾಳಿಗೆ ರಜೆ ಹೇಳಿ ಬೆಳಗಿನ ಬಸ್ಸು ಹತ್ತಿದೆ.

ಘಟಕದ ಹಿಂದೆ ತಗಡಿನ ಮಾಡು, ಅಗಲ ಬಾಯಿಯ ಸೌದೆ ಒಲೆ. ಅನ್ನ ಬೇರೆ ಪಾತ್ರೆಯಲ್ಲಿ ಚೆನ್ನಾಗಿಯೇ ಆಗಿತ್ತು. ಸಾಂಬಾರಿನ ಅಂಡಾ ಮಾತ್ರ ಒಲೆ ಮೇಲೆ ಆನೆ ಕೂತ ಹಾಗೆ ಕೂತಿತ್ತು. ಸೌಟು ತಳ ಮುಟ್ಟುತ್ತಿರಲಿಲ್ಲ. ಸರೋಜಕ್ಕ ಕಲ್ಲಿನ ಮೇಲೆ ನಿಂತು ಅರ್ಧ ಒಳಗೆ ಬಾಗಿ ತಿರುಗಿಸುತ್ತಿದ್ದರು. ನಾನು ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡು ನಿಂತೆ.

“ಬಿಟ್ಟೀಯಾ ಕಣ್ಣು! ಇವತ್ತು ಸಾಂಬಾರಿಗೆ ತರಕಾರಿ ನಾನೇ ಆಗೋಯ್ತೀನಿ!”

ನಗುತ್ತಲೇ ಇದ್ದೆವು, ವಾಸನೆ ಬಂತು. ಬೇಳೆ ತಳ ಹಿಡಿದಿತ್ತು. ಉರಿ ತಗ್ಗಿಸೋಣವೆಂದು ಬಗ್ಗಿದರೆ, ಪಕ್ಕದ ಒಳಗೋಡೆಯ ಮೇಲೆ ಕಲಾಯಿ ಬೆಳ್ಳಿ ಹನಿಗಳಾಗಿ ಜಾರಿ ಸಾಂಬಾರಿಗೆ ಇಳಿಯುತ್ತಿತ್ತು. ಇನ್ನು ಅದನ್ನು ಯಾರಿಗೂ ಬಡಿಸುವಂತಿರಲಿಲ್ಲ. ಸರೋಜಕ್ಕ ಅಷ್ಟನ್ನೂ ಚೆಲ್ಲಿದರು. ಅರವತ್ತು ಜನ ಅವತ್ತು ಮಜ್ಜಿಗೆ ಉಪ್ಪಿನಕಾಯಿಯಲ್ಲಿ ಉಂಡು ಎದ್ದರು. ಮ್ಯಾನೇಜರು ಕೈ ತೊಳೆದು ಬಂದು ನಿಂತರು. ಆ ಊರಿನಲ್ಲಿ ಬೈಯುವುದೂ ಬಗ್ಗಿಯೇ.

“ಅಕ್ಕಾ, ಮೋರು ರೊಂಬ ಚೆನ್ನಾಗಿತ್ತುಂಗ. ನಾಳೆ ಸಾಂಬಾರೂ ಇದ್ರೆ ಇನ್ನೂ ಚೆನ್ನಾಗಿರುತ್ತುಂಗ. ಇನ್ನೊಬ್ರು ನಾಳಿದ್ದಿಂದ ಬರ್ತೀನಿ ಅಂತ ಹೇಳಿಟ್ಟಿದ್ದಾರುಂಗ.”

ಅವರು ಹೋದ ಮೇಲೆ ಸರೋಜಕ್ಕ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಬೆವರೋ ಇನ್ನೊಂದೋ ನಾನು ಕೇಳಲಿಲ್ಲ.

ಸಂಜೆ ಅಂಗಡಿಗೆ ಹೋಗಿ ಎರಡು ಮಧ್ಯಮ ಸೈಜಿನ ಅಲ್ಯುಮಿನಿಯಂ ಪಾತ್ರೆ ಎರವಲು ಕೊಡಿ ಎಂದೆ. ಮುದಲಾಳಿ ಒಂದೇ ಷರತ್ತು ಹಾಕಿದರು, ಮಸಿ ಕಾಣಬಾರದು. “ವಕ್ಕೀಲಮ್ಮಾ, ಹೊಸ ಪಾತ್ರೆ ಅಂತ ಇನ್ನೊಬ್ಬರಿಗೆ ಮಾರ್ಬೇಕುಂಗ,” ಎಂದರು. ಆಮೇಲೆ ನನ್ನ ಮುಖ ನೋಡಿ, “ಬೇಡಂಗ, ಮಸಿ ಇದ್ರೂ ಪರವಾಗಿಲ್ಲ. ಆ ಅಕ್ಕ ಗೆಲ್ಲಲಿ,” ಎಂದು ತಾವೇ ಎರಡನ್ನೂ ಹಗ್ಗದಲ್ಲಿ ಕಟ್ಟಿಕೊಟ್ಟರು.

ಮರುದಿನ ನಾನು ತಂದ ಒಂದು ಪಾತ್ರೆಯಲ್ಲಿ ಬೇಳೆ ಬೆಂದು, ಇನ್ನೊಂದರಲ್ಲಿ ಸಾಂಬಾರು ಘಮಘಮಿಸುತ್ತ ಕುದಿಯಿತು. ಬೆಂದು ಇಳಿಸುವ ಹೊತ್ತಿಗೆ ಮುರುಗೇಶಣ್ಣ ಬಂದರು. ಒಬ್ಬರೇ ಅಲ್ಲ, ಸೀರು ತೋರಿಸಲು ಇಬ್ಬರು ಮಾಮಂದಿರನ್ನೂ ಕರೆತಂದಿದ್ದರು. ಅಂಡಾ ತೊಳೆಯುವ ಕಲ್ಲಿನ ಬಳಿ ಬೋರಲು ಬಿದ್ದಿತ್ತು.

“ಏನ್ ಸರೋಜಾ ಇದು? ನಾನು ಕೊಟ್ಟದ್ದು ಮೂಲೇಲಿ, ಯಾರ್ದೋ ಅಲ್ಯುಮಿನಿಯಂ ಒಲೆ ಮೇಲೆ!”

“ಅದರ ಕಲಾಯಿ ಹೋಗಿದೆ ಅಣ್ಣಾ,” ಎಂದು ನಾನು ನಡುವೆ ಬಂದೆ.

“ಕಲಾಯಿ ನಾನು ಹಾಕಿಸ್ತೀನಿ!”

“ಊಟದ ಬೆಲ್ಲು ಹೊಡೆಯೋದ್ರೊಳಗೆ?”

“ಮೈಸೂರಮ್ಮಾ, ನೀ ಪಾತ್ರೆ ಮಾರೋಕೆ ಬಂದ್ಯಾ, ಮನೆ ಒಡೆಯೋಕೆ ಬಂದ್ಯಾ?”

“ನಿಮಗೆ ತಂಗಿ ಕೆಲಸ ಮುಖ್ಯವೋ, ನಿಮ್ಮ ಹೆಸರು ಕಾಣೋದು ಮುಖ್ಯವೋ?”

“ಎರಡೂ ಬೇರೆ ಅಂತ ನಿಂಗೆ ಯಾರು ಹೇಳಿದ್ದು?”

ಮಾಮಂದಿರು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುತ್ತಿದ್ದರು. ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎಲ್ಲಿಡುವುದೆಂದು ತಿಳಿಯದೆ ನಮ್ಮಿಬ್ಬರ ನಡುವೆ ನಿಂತಿದ್ದ ಸರೋಜಕ್ಕನಿಗೆ ರೇಗಿತು.

“ಇಬ್ರೂ ಬಾಯಿ ಮುಚ್ಚಿ! ಅವನಿಗೆ ಅವನ ಅಂಡಾ ಒಲೆ ಮೇಲೆ ಇರ್ಬೇಕು. ಇವಳಿಗೆ ಇವಳ ಪಾತ್ರೇಲಿ ಸಾಂಬಾರು ಇರ್ಬೇಕು. ಅದರೊಳಗೆ ಇದನ್ನ ಇಟ್ಟು, ಇಬ್ರೂ ಸುತ್ತ ನಿಂತು ಕುಮ್ಮಿ ಹೊಡೀರಿ! ನಾನು ಸಿರುಮುಗೈಗೆ ಹೋಗಿ ನೂಲು ಸುತ್ಕೊಂಡಿರ್ತೀನಿ!”

ಕುಮ್ಮಿ ಎಂದರೆ ಹೆಂಗಸರು ಸುತ್ತುಗಟ್ಟಿ ಚಪ್ಪಾಳೆ ತಟ್ಟಿ ಕುಣಿಯುವ ಕುಣಿತ. ನಾನೂ ಮುರುಗೇಶಣ್ಣನೂ ಪಂಚೆ ಸೀರೆ ಎತ್ತಿ ಕಟ್ಟಿ ಅಂಡಾದ ಸುತ್ತ ಕುಣಿಯುವುದು ಮಾಮಂದಿರ ಕಣ್ಣಿಗೆ ಕಟ್ಟಿರಬೇಕು, ಒಬ್ಬರು ಕಿಸಕ್ಕೆಂದರು. ಮೂವರೂ ಅಂಡಾ ನೋಡಿದೆವು, ಪಾತ್ರೆ ನೋಡಿದೆವು, ಪರಸ್ಪರ ಮುಖ ನೋಡಿದೆವು. ಬೈಗುಳ ಎಂದು ಬಂದದ್ದು ಬಾಯಿಂದ ಹೊರಬಿದ್ದ ಮೇಲೆ ಬೇರೆಯೇ ಆಗಿ ನಿಂತಿತ್ತು.

ಮುರುಗೇಶಣ್ಣ ಬಿಳಿ ಪಂಚೆಯ ಪರಿವೆಯಿಲ್ಲದೆ ಅಂಡಾವನ್ನು ತಾವೇ ಎತ್ತಿ ಒಲೆಯ ಮೇಲಿಟ್ಟರು, ಹೆಸರು ಹೊರಗೆ ಕಾಣುವ ಹಾಗೆ. ನಾನು ಒಡೆದ ಇಟ್ಟಿಗೆಯ ಚೂರುಗಳನ್ನು ತೊಳೆದು ತಳಕ್ಕೆ ಹಾಕಿದೆ. ಸರೋಜಕ್ಕ ನೀರು ಸುರಿದರು. ನೀರಿಗೆ ಕಲಾಯಿಯ ಹಂಗಿಲ್ಲ. ಅದರ ನಡುವೆ ಸಾಂಬಾರಿನ ಪಾತ್ರೆ ಕೂತಿತು. ಉರಿ ತಗ್ಗಿಸಿದೆವು.

ಅಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಬರುವುದಿಲ್ಲ. ಬಟ್ಟೆ ಕತ್ತರಿಸುವವರು ಮೊದಲು, ಹೊಲಿಯುವವರು ನಂತರ, ಇಸ್ತ್ರಿಯವರು ಕೊನೆಗೆ. ಹಳೆಯ ಅಡುಗೆಯವನ ಕಾಲದಲ್ಲಿ ಕೊನೆಯವರಿಗೆ ಸಿಗುತ್ತಿದ್ದುದು ಆರಿದ, ಮೇಲೆ ಕೆನೆಗಟ್ಟಿದ ಸಾಂಬಾರು. ಅದನ್ನು ಮತ್ತೆ ಒಲೆಗಿಟ್ಟರೆ ತಳ ಹಿಡಿಯುತ್ತಿತ್ತು. ಅವತ್ತು ಮ್ಯಾನೇಜರು ಬೇಕೆಂದೇ ಕೊನೆಯ ಸರದಿಯಲ್ಲಿ ಕೂತರು. ಸರೋಜಕ್ಕ ಸೌಟು ಎತ್ತಿದರು, ಹಬೆ ಎದ್ದಿತು. ಅವರು ಒಂದು ತುತ್ತು ಬಾಯಿಗಿಟ್ಟು, ಹೂ ಹೂ ಎಂದು ಊದಿ, ನೀರು ಕುಡಿದರು.

“ಅಕ್ಕಾ, ಇಸ್ತ್ರಿ ಹುಡುಗರು ಇಲ್ಲಿ ಬಾಯಿ ಸುಟ್ಕೊಂಡಿದ್ದು ಇದೇ ಮೊದಲುಂಗ. ಇನ್ನೊಬ್ಬರಿಗೆ ಬರಬೇಡಿ ಅಂತ ಹೇಳಿಬಿಡ್ತೀನುಂಗ.”

ಸರೋಜಕ್ಕ ಸೌಟು ಹಿಡಿದೇ ನಿಂತಿದ್ದರು. “ಇನ್ನೊಂದು ಸೌಟು ಹಾಕ್ಲಾ?” ಎಂದಷ್ಟೇ ಕೇಳಿದರು.

ಹೊರಡುವಾಗ ಮುರುಗೇಶಣ್ಣ ಮಾಮಂದಿರ ಹೆಗಲ ಮೇಲೆ ಕೈಹಾಕಿ, “ಇದಕ್ಕೇ ನಾನು ದೊಡ್ಡದು ಆರಿಸಿದ್ದು. ಚಿಕ್ಕದಾಗಿದ್ರೆ ಒಳಗೆ ಪಾತ್ರೆ ಹಿಡೀತಿತ್ತಾ?” ಎನ್ನುತ್ತಿದ್ದರು. ನಾನು ಬಾಯಿ ತೆರೆದೆ. ಸರೋಜಕ್ಕ ನನ್ನ ಕಾಲು ತುಳಿದರು. ಬಾಯಿ ಮುಚ್ಚಿದೆ. ವಾದದಲ್ಲಿ ನನ್ನನ್ನು ಹಾಗೆ ನಿಲ್ಲಿಸಿದವರು ಅಪರೂಪ.

ನಾನು ಬಂದು ಮುದಲಾಳಿಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಕೇಳಿಸಿಕೊಂಡದ್ದು ಮಾತ್ರ ಒಂದು ದೊಡ್ಡ ಪಾತ್ರೆ, ಒಂದು ಚಿಕ್ಕ ಪಾತ್ರೆ, ಎರಡನ್ನೂ ಒಬ್ಬರಿಗೇ ಮಾರಬಹುದು ಎಂಬುದು. ಮುಂದಿನ ವಾರದಿಂದ ಮೆಸ್ಸು, ಹಾಸ್ಟೆಲಿನವರು ಯಾರೇ ಬರಲಿ, ಜೋಡಿ ತೋರಿಸಿ, “ನಮ್ಮ ವಕ್ಕೀಲಮ್ಮನ ಐಡಿಯಾಂಗ” ಎನ್ನತೊಡಗಿದರು. ಕಥೆ ಹುಟ್ಟಿದ್ದು ಹೀಗೆ. ನಾನು ತಿದ್ದಲು ಹೋದರೆ, “ವ್ಯಾಪಾರದ ಹೊತ್ತಲ್ಲಿ ನಿಜ ಯಾಕುಂಗ?” ಎನ್ನುವರು. ಹುಡುಗಿಯರೇ, ಇದನ್ನು ಮಾತ್ರ ಅವರಿಂದ ಕಲಿಯಬೇಡಿ. ಉಳಿದದ್ದನ್ನು ಕಲಿಯಿರಿ. ಬಾಗಿಲಲ್ಲಿ ಬಂದವರ ಕೈ ನೋಡಿಯೇ ಇವರು ಕಟ್ಟಿಗೆ ಒಲೆಯವರು, ಇವರು ಗ್ಯಾಸಿನವರು ಎಂದು ಹೇಳುತ್ತಿದ್ದರು. ಕೋಪ ಬಂದಾಗಲೂ ‘ಉಂಗ’ ಬಿಡುತ್ತಿರಲಿಲ್ಲ.

ನನ್ನ ಕೇಳುವ ರೀತಿಯೂ ಬದಲಾಯಿತು. ಒಲೆಯ ಬಾಯಿ ಎಷ್ಟಗಲ, ಎಲ್ಲರೂ ಒಮ್ಮೆಗೇ ಉಣ್ಣುತ್ತಾರೋ ಸರದಿಯಲ್ಲೋ, ಪಾತ್ರೆ ಇಳಿಸುವವರು ಯಾರು, ಅವರ ಕೈಗೆ ಸೌಟು ತಳದವರೆಗೆ ಎಟುಕುತ್ತದೆಯೋ ಎಂದೆಲ್ಲ ಕೇಳುತ್ತಿದ್ದೆ. ಹಾಗೆಯೇ, ಇದನ್ನು ಯಾರು ಯಾರಿಗೆ ಕೊಡುತ್ತಿದ್ದಾರೆ ಎಂದೂ ಕೇಳುತ್ತಿದ್ದೆ. ಸೀರು ಎಂದರೆ ಮೊದಲು ಅಂತೋಣಿಯಣ್ಣನನ್ನು ಚಹಾಕ್ಕೆ ಕಳಿಸಿ ಆಮೇಲೆ ಮಾತು ಶುರು ಮಾಡುತ್ತಿದ್ದೆ. ಇಷ್ಟಾದರೂ ಮೂಲ ಸಿದ್ಧಾಂತ ನಾನು ಬಿಟ್ಟಿರಲಿಲ್ಲ. ಇವತ್ತಿನ ಅಗತ್ಯಕ್ಕೆ ಇವತ್ತಿನ ಪಾತ್ರೆ. ನಾಳಿನದನ್ನು ನಾಳೆ ಕೊಳ್ಳಿ.

ಗಂಡನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿ ಹೊರಡುವ ವಾರ, ಹೇಳಿ ಬರೋಣವೆಂದು ಪಲ್ಲಡಂಗೆ ಹೋದೆ. ನಡುವೆ ವರ್ಷಗಳು ಕಳೆದಿದ್ದವು. ಸರೋಜಕ್ಕನ ಊಟಕ್ಕೆ ಅಕ್ಕಪಕ್ಕದ ಘಟಕಗಳೂ ಸೇರಿವೆ ಎಂದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ತಗಡಿನ ಮಾಡು ಹೋಗಿ ಗೋಡೆ ಎದ್ದಿತ್ತು. ಕೈಕೆಳಗೆ ನಾಲ್ಕು ಜನ ಹೆಂಗಸರು, ಸಿರುಮುಗೈಯಿಂದ ಕರೆತಂದವರು, ಕನ್ನಡದಲ್ಲೇ ಒಬ್ಬರನ್ನೊಬ್ಬರು ಗದರಿಸಿಕೊಳ್ಳುತ್ತ ಓಡಾಡುತ್ತಿದ್ದರು.

“ಬಾ ಕಣ್ಣು, ಬಾ! ಉಂಡೇ ಹೋಗ್ಬೇಕು. ಇವತ್ತು ಮುರುಂಗೆಕ್ಕಾಯಿ!” ಎಂದು ಸರೋಜಕ್ಕ ಅಲ್ಲಿಂದಲೇ ಕೂಗಿದರು. ಹತ್ತಿರ ಬರಲು ಅವರಿಗೆ ಪುರುಸೊತ್ತಿರಲಿಲ್ಲ.

ಒಲೆಯ ಮೇಲೆ ಅದೇ ಹಿತ್ತಾಳೆ ಅಂಡಾ. ಒಳಗೆ ಹೊಸ ಕಲಾಯಿ, ಉದ್ದ ಹಿಡಿಯ ಸೌಟು. ನೀರಲ್ಲ, ಪಾತ್ರೆಯೊಳಗಿನ ಪಾತ್ರೆಯೂ ಅಲ್ಲ. ಅಂಚಿಗೆ ನಾಲ್ಕು ಬೆರಳು ಬಿಟ್ಟು ಸಾಂಬಾರು ತುಂಬಿ ಕುದಿಯುತ್ತಿತ್ತು. ಅಭ್ಯಾಸಬಲದಿಂದ ಮನಸ್ಸಿನಲ್ಲೇ ಅಳೆದೆ: ಈಗ ಮುನ್ನೂರು ಜನರ ಊಟ. ಮುನ್ನೂರು ಜನಕ್ಕೆ ಪಾತ್ರೆ ಕೊಡಿ ಎಂದು ಅವತ್ತು ಯಾರಾದರೂ ಕೌಂಟರಿಗೆ ಬಂದಿದ್ದರೆ ನಾನು ಆರಿಸಿ ಕೊಡುತ್ತಿದ್ದುದೂ ಸರಿಯಾಗಿ ಅದೇ. ಒಂದು ಸೈಜು ಮೇಲಲ್ಲ, ಒಂದು ಸೈಜು ಕೆಳಗಲ್ಲ.

ಮುರುಗೇಶಣ್ಣ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದರು. ಕೂದಲು ನೆರೆತಿತ್ತು, ಅಂಗಿ ಅಷ್ಟೇ ಬೆಳ್ಳಗಿತ್ತು. “ವಾದಕ್ಕೆ ಬಂದ್ಯಾ ಮೈಸೂರಮ್ಮಾ?” ಎಂದು ನಕ್ಕು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನನ್ನ ಎಲೆಗೆ ಅನ್ನ ಬಿತ್ತು, ನುಗ್ಗೆಕಾಯಿ ಸಾಂಬಾರು ಬಿತ್ತು. ನಾನು ಕಲಸಲಿಲ್ಲ. ಒಂದೇ ಮಾತು ಕೇಳದೆ ಬಸ್ಸು ಹತ್ತುವುದು ನನ್ನಿಂದ ಸಾಧ್ಯವಿರಲಿಲ್ಲ.

“ವಾದ ಅಲ್ಲ ಮುರುಗೇಶಣ್ಣಾ, ಬರೀ ತಿಳ್ಕೊಳ್ಳೋಕೆ ಕೇಳ್ತೀನಿ. ಅವತ್ತು ಅಂಗಡಿಗೆ ಬಂದವರೇ ಬೇರೇನೂ ನೋಡದೆ ಈ ಅಂಡಾ ಮೇಲೆ ಕೈಯಿಟ್ರಲ್ಲ, ಆಗ ನಿಮ್ಮ ಕಣ್ಣ ಮುಂದೆ ಇದ್ದದ್ದು ನಿಮ್ಮ ಮಾಮಂದಿರ ಮುಖವೋ, ಇಲ್ಲ ತಂಗಿ ಒಂದಿನ ಇಷ್ಟು ಜನಕ್ಕೆ ಅನ್ನ ಹಾಕ್ತಾಳೆ ಅಂತ ನಿಮಗೆ ಆಗಲೇ ಗೊತ್ತಿತ್ತೋ?”